ಎರಡೂ ಕಡೆ ಇದ್ದದ್ದು

ಮೂಡುಬಿದಿರೆ
ಶುಕ್ರವಾರ ಸಂಜೆ, 20 ಜೂನ್ 2025

ಹರಿ,

ಮೊದಲು ಡಬ್ಬಿಯಲ್ಲಿರುವ ಚಕ್ಕುಲಿಯನ್ನೆಲ್ಲ ತಟ್ಟೆಗೆ ಸುರಿದು, ಅತ್ತೆಗೆ ನಾಲ್ಕು ಕೊಟ್ಟು, ಆಮೇಲೆ ಕುಳಿತು ಓದಿ. ಎಣ್ಣೆ ತಾಗಬಾರದೆಂದು ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಡಬ್ಬಿಯ ನಡುವಿಗೆ ಇರಿಸಿದ್ದೇನೆ. ಕೆಳಗೂ ಚಕ್ಕುಲಿ, ಮೇಲೂ ಚಕ್ಕುಲಿ. ನೀವು ಓದುವಾಗ ಅನ್ವಿತಾ ಹತ್ತಿರ ಇರಬಾರದು. ಮೊಸರು ತರಲಿಕ್ಕೆಂದು ಮಗಳನ್ನು ಅಂಗಡಿಗೆ ಕಳುಹಿಸಿ. ಮನೆಯಲ್ಲಿ ಮೊಸರು ಇದ್ದರೂ ಕಳುಹಿಸಿ.

ಡಬ್ಬಿಯ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಕಳೆದ ತಿಂಗಳು ವಾಮದಪದವಿನ ಮದುವೆಯಲ್ಲಿ ಅತ್ತೆ ಯಾರೊಡನೆಯೋ, ಸೊಸೆ ಪ್ರತಿ ಶನಿವಾರ ಅರ್ಧ ಡಬ್ಬಿ ತಿಂಡಿ ಕಳುಹಿಸುತ್ತಾಳೆ, ತುಂಬಿಸಿ ಕೊಡುವಷ್ಟು ಮನಸ್ಸಿಲ್ಲ ಎಂದರಂತೆ. ಆ ಮಾತು ಎರಡೇ ದಿನದಲ್ಲಿ ನನ್ನ ಕಿವಿಗೆ ಬಿತ್ತು. ಹರಿ, ನಾನು ಮುಚ್ಚಳ ಕೂರದಷ್ಟು ತುಂಬಿಸಿ ಕಳುಹಿಸುತ್ತೇನೆ. ಮೂಡುಬಿದಿರೆಯಲ್ಲಿ ತುಂಬಿದ ಡಬ್ಬಿ ಬಂಟ್ವಾಳಕ್ಕೆ ಬರುವಷ್ಟರಲ್ಲಿ ಅರ್ಧವಾಗುವುದು ಹೇಗೆಂದು ನನಗೆ ಗೊತ್ತಿಲ್ಲ. ನಿಮ್ಮ ಮನೆಯವರು ನನ್ನನ್ನು ನೋಡುವ ಕಣ್ಣಿನಲ್ಲಿಯೇ ಅರ್ಧ ಕಡಿಮೆ ಆಗಿರಬೇಕು. ಬಿಡಿ, ನಾನು ಕಾಗದ ಹಿಡಿದದ್ದು ಇದಕ್ಕಲ್ಲ.

ಕಾಗದ ಯಾಕೆಂದರೆ, ನಮ್ಮ ಮೊಬೈಲಿನಲ್ಲಿ ಈಗ ಎರಡೇ ಮಾತು ಉಳಿದಿವೆ. ಶನಿವಾರ ಅನ್ವಿತಾ ಬಸ್ಸು ಹತ್ತಿದ ಮೇಲೆ ನಾನು ‘ಹೊರಟಳು’ ಎನ್ನುತ್ತೇನೆ, ನೀವು ‘ತಲುಪಿದಳು’ ಎನ್ನುತ್ತೀರಿ. ಭಾನುವಾರ ಅದೇ ಮಾತು ಅದಲುಬದಲಾಗಿ ಬರುತ್ತದೆ. ಫೋನ್ ಮಾಡಿದರೆ ನಾನು ಮುಗಿಸುವ ಮೊದಲೇ ನೀವು ‘ಆಯ್ತು’ ಎನ್ನುತ್ತೀರಿ, ನನಗೆ ಸಿಟ್ಟು ಬರುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಕಾಗದದ ನಡುವೆ ನೀವು ‘ಆಯ್ತು’ ಎಂದರೂ ನನಗೆ ಕೇಳಿಸುವುದಿಲ್ಲ.

ವಿಷಯ ಹಾಸ್ಟೆಲಿನ ಅರ್ಜಿಯದ್ದು. ಅದರಲ್ಲಿ ನಿಮ್ಮ ಸಹಿ ಬಿದ್ದಿದೆ, ನನ್ನದು ಬಿದ್ದಿಲ್ಲ. ಸೋಮವಾರ ಅದನ್ನು ಕೊಡಲು ಕೊನೆಯ ದಿನ. ನಾನು ಸಹಿ ಹಾಕಿದರೆ ಅನ್ವಿತಾ ಮುಂದಿನ ವಾರದಿಂದ ನನ್ನ ಮನೆಯಲ್ಲಿಯೂ ಇರುವುದಿಲ್ಲ, ಶನಿವಾರ ನಿಮ್ಮ ಮನೆಗೂ ಬರುವುದಿಲ್ಲ. ಅದನ್ನು ಮಾತಾಡುವ ಮೊದಲು ನಿಮಗೆ ಒಂದು ಲೆಕ್ಕ ಹೇಳಬೇಕು. ಲೆಕ್ಕ ಎಂದ ಕೂಡಲೇ ಎದ್ದು ಹೋಗುವುದು ನಿಮ್ಮ ಹಳೆಯ ಅಭ್ಯಾಸ. ಈ ಸಲ ದಯವಿಟ್ಟು ಕುಳಿತಿರಿ.

ಕಳೆದ ವಾರ ನಮ್ಮ ದ್ವಿತೀಯ ಪಿಯುಸಿ ಮಕ್ಕಳಿಗೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ಅನ್ವಿತಾ ನನ್ನದೇ ಕ್ಲಾಸಿನಲ್ಲಿ ಕೂರುತ್ತಾಳೆಂದು ನಿಮಗೆ ಗೊತ್ತು. ಅಲ್ಲಿ ಅವಳಿಗೆ ನಾನು ಮೇಡಂ, ಬಾಗಿಲು ದಾಟಿದ ಮೇಲೆ ಅಮ್ಮ. ಪ್ರಶ್ನೆ ಹೀಗಿತ್ತು: ಸೊನ್ನೆಯಿಂದ ಮುನ್ನೂರ ಅರವತ್ತು ಡಿಗ್ರಿಯ ಒಳಗೆ, ಯಾವ ಯಾವ ಕೋನಗಳಿಗೆ ಸೈನ್ 2x ಮತ್ತು ಕಾಸ್ x ಸಮವಾಗುತ್ತವೆ? ಸೈನ್, ಕಾಸ್ ಎಂದರೆ ಹೆದರಬೇಡಿ. ಕೋನ ಕೊಟ್ಟರೆ ಅವು ಒಂದು ಸಂಖ್ಯೆ ಕೊಡುತ್ತವೆ, ಅಷ್ಟೇ. ಇನ್ವರ್ಸ್ ಎಂದರೆ ಸಂಖ್ಯೆಯಿಂದ ಹಿಂದಕ್ಕೆ ನಡೆದು ಕೋನವನ್ನು ಹುಡುಕುವುದು.

ಸೈನ್ 2x ಎನ್ನುವುದನ್ನು ಹಾಗೆಯೇ ಇಟ್ಟುಕೊಂಡರೆ ಏನೂ ಮಾಡಲಿಕ್ಕಾಗುವುದಿಲ್ಲ. ಅದನ್ನು ಬಿಚ್ಚಲು ಒಂದು ನಿತ್ಯಸಮೀಕರಣ ಇದೆ, ಎಂದರೆ ಯಾವ ಕೋನ ಹಾಕಿದರೂ ಸುಳ್ಳಾಗದ ಮಾತು: ಸೈನ್ 2x ಎಂದರೆ 2 ಸೈನ್ x ಕಾಸ್ x. ಅನ್ವಿತಾ ಅದನ್ನು ಸರಿಯಾಗಿಯೇ ಬರೆದಿದ್ದಳು. ಹಾಗಾಗಿ ಎಡಗಡೆ 2 ಸೈನ್ x ಕಾಸ್ x, ಬಲಗಡೆ ಕಾಸ್ x. ನೋಡಿ, ಎರಡೂ ಕಡೆ ಕಾಸ್ x ಇದೆ. ಅವಳು ಅಡಿಪಟ್ಟಿ ಇಟ್ಟು ಎರಡೂ ಕಡೆಯ ಕಾಸ್ x ಮೇಲೆ ಚಂದದ ಓರೆಗೆರೆ ಎಳೆದಿದ್ದಳು. ಉಳಿದದ್ದು, ಸೈನ್ x ಸಮ ಅರ್ಧ. ಕ್ಯಾಲ್ಕುಲೇಟರಿನಲ್ಲಿ ಸೈನ್ ಇನ್ವರ್ಸ್ ಒತ್ತಿದರೆ ಮೂವತ್ತು ಡಿಗ್ರಿ. ನೂರೈವತ್ತು ಡಿಗ್ರಿಗೂ ಸೈನ್ ಅರ್ಧವೇ ಎಂದು ನೆನಪಿಟ್ಟು ಅದನ್ನೂ ಬರೆದಿದ್ದಳು. ಎರಡು ಉತ್ತರ, ಕೆಳಗೆ ಜೋಡಿ ಗೆರೆ.

ಬಂದ ಎರಡೂ ಉತ್ತರ ಸರಿ. ಈ ತಪ್ಪಿನ ಮೋಸ ಇರುವುದೇ ಅಲ್ಲಿ. ಹೊಡೆದು ಹಾಕುವುದು ಎಂದರೆ ಭಾಗಿಸುವುದು, ಸೊನ್ನೆಯಿಂದ ಭಾಗಿಸುವ ಹಾಗಿಲ್ಲ. ಅದು ಸೊನ್ನೆ ಆಗಿದ್ದರೆ ಎಂಬ ಪ್ರಶ್ನೆಯನ್ನು ಅವಳು ಕೇಳಲೇ ಇಲ್ಲ. ತೊಂಬತ್ತು ಡಿಗ್ರಿಗೆ ಕಾಸ್ ಸೊನ್ನೆ. ಅಲ್ಲಿ ಎಡಗಡೆಯೂ ಸೊನ್ನೆ, ಬಲಗಡೆಯೂ ಸೊನ್ನೆ, ಎರಡೂ ಸಮ. ಅದೂ ಒಂದು ಉತ್ತರ. ಅವಳು ಗೆರೆ ಎಳೆದ ಕೂಡಲೇ ಅದು ಸದ್ದಿಲ್ಲದೆ ಎದ್ದು ಹೋಯಿತು. ಇರುವ ಉತ್ತರ ಮೂರು, ಅವಳಿಗೆ ಸಿಕ್ಕಿದ್ದು ಎರಡು.

ಅರ್ಧ ಕ್ಲಾಸು ಇದೇ ತಪ್ಪು ಮಾಡಿತ್ತು. ಬುಧವಾರ ಪತ್ರಿಕೆ ಹಂಚಿದಾಗ ಶಹನಾಝ್ ಎಂಬ ಹುಡುಗಿ ಎದ್ದು ನಿಂತು, ಉತ್ತರ ಸರಿ ಇದೆಯಲ್ಲ ಮೇಡಂ, ಮತ್ತೆ ಅಂಕ ಯಾಕೆ ಕಡಿಮೆ ಎಂದು ಕೇಳಿದಳು. ಬಂದದ್ದಕ್ಕೆ ಕೊಟ್ಟಿದ್ದೇನೆ, ಬಾರದೆ ಹೋದದ್ದಕ್ಕೆ ಕತ್ತರಿಸಿದ್ದೇನೆ ಎಂದೆ. ಕ್ಲಾಸಿನಲ್ಲಿ ನನ್ನ ಬಾಯಿ ಎಷ್ಟು ಚುರುಕೆಂದು ನಿಮಗೆ ಹೇಳಬೇಕಾಗಿಲ್ಲ. ಉಳಿದ ಮಕ್ಕಳು ನಕ್ಕು ಸುಮ್ಮನಾದರು. ಅನ್ವಿತಾ ಮನೆಗೆ ಬಂದ ಮೇಲೂ ಬಿಡಲಿಲ್ಲ. ನಾನು ತೆಂಗಿನಕಾಯಿ ತುರಿಯುತ್ತಿದ್ದೆ, ಅವಳು ಪತ್ರಿಕೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಎರಡೂ ಕಡೆ ಉಂಟಲ್ವಾ ಅಮ್ಮ, ಎರಡೂ ಕಡೆಯಿಂದ ತೆಗೆದೆ. ಯಾರಿಗೂ ನಷ್ಟ ಇಲ್ಲ” ಎಂದಳು.

ಲೆಕ್ಕದಲ್ಲಿ ನಷ್ಟ ಆಗಿದೆಯಲ್ಲ ಮಾರಾಯ್ತಿ, ಒಂದು ಉತ್ತರವೇ ಹೋಗಿದೆ ಎಂದು ನಾನು ತುರಿಮಣೆಯಿಂದ ಏಳದೆಯೇ ಹೇಳಿದೆ. ಅವಳು ವಾದ ಮಾಡಲಿಲ್ಲ. ಲೆಕ್ಕ ಸಣ್ಣದಾದರೆ ಸಾಕಿತ್ತು ಎಂದು ಹೇಳಿ ಒಳಗೆ ಹೋದಳು. ನಾನು ಅದನ್ನು ಹದಿನೇಳು ವರ್ಷದವಳ ಸೋಮಾರಿತನ ಎಂದುಕೊಂಡು ಮರೆತುಬಿಟ್ಟೆ.

ನಿನ್ನೆ ಸಂಜೆ ಅವಳು ಹಾಸ್ಟೆಲಿನ ಅರ್ಜಿಯನ್ನು ನನ್ನ ಚಹಾದ ಲೋಟದ ಪಕ್ಕ ಇಟ್ಟಳು. ನಮ್ಮ ಕಾಲೇಜಿನದ್ದೇ ಹುಡುಗಿಯರ ಹಾಸ್ಟೆಲ್. ನಮ್ಮ ಮನೆಯ ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ಅದರ ಕಿಟಕಿಗಳು ಕಾಣುತ್ತವೆ. ಅಲ್ಲಿ ಮೊಬೈಲ್ ಇಲ್ಲ, ದಸರಾ ರಜೆಯವರೆಗೆ ಮನೆಗೆ ಬಿಡುವುದಿಲ್ಲ, ತಿಂಗಳಿಗೊಂದು ಭಾನುವಾರ ತಂದೆತಾಯಿ ಹೋಗಿ ನೋಡಬಹುದು. ದೂರದ ಊರಿನ ಮಕ್ಕಳಿಗಾಗಿ ಕಟ್ಟಿದ ಜಾಗಕ್ಕೆ ಇವಳು ಎರಡು ರಸ್ತೆ ಆಚೆಯಿಂದ ಹೋಗುತ್ತಾಳಂತೆ. ಅರ್ಜಿಯಲ್ಲಿ ತಂದೆಯ ಸಹಿಯ ಜಾಗದಲ್ಲಿ ನಿಮ್ಮ ಬಾಲ ಎಳೆದ ಸಹಿ ಆಗಲೇ ಬಿದ್ದಿತ್ತು.

ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ನನ್ನನ್ನು ಒಂದು ಮಾತು ಕೇಳದೆ ಸಹಿ ಹಾಕಿದರಲ್ಲ ಎಂದು ಮೊಬೈಲ್ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಏನೋ ತೋರಿ, ಅಪ್ಪನ ಹತ್ತಿರ ಏನು ಹೇಳಿ ಸಹಿ ಹಾಕಿಸಿಕೊಂಡೆ ಎಂದು ಅವಳನ್ನೇ ಕೇಳಿದೆ. ಅಮ್ಮ ಒಪ್ಪಿದ್ದಾರೆ ಎಂದಿದ್ದಳಂತೆ. ನನ್ನ ಹತ್ತಿರ ಅಪ್ಪ ಒಪ್ಪಿದ್ದಾರೆ ಎಂದಿದ್ದಳು. ನಾವಿಬ್ಬರು ಒಬ್ಬರನ್ನೊಬ್ಬರು ಕೇಳುವುದಿಲ್ಲ ಎಂಬ ಧೈರ್ಯ ಅವಳಿಗೆ ಎಷ್ಟು ಗಟ್ಟಿಯಾಗಿ ಇದೆ ನೋಡಿ. ಅದು ಅವಳಿಗೆ ಎಲ್ಲಿಂದ ಬಂತೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಯಾಕೆ ಹೋಗಬೇಕು ನಿನಗೆ ಎಂದು ಕೇಳಿದೆ. ಓದಲಿಕ್ಕೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಗೆ ಹೇಳಲಿಲ್ಲ. ಪ್ರತಿ ಶನಿವಾರ ಬಂಟ್ವಾಳದಲ್ಲಿ ಬಸ್ಸಿನಿಂದ ಇಳಿಯುವಾಗ ನೀವು ಅವಳ ಹಿಂದೆ ಇನ್ನು ಯಾರಾದರೂ ಇಳಿಯುತ್ತಾರೋ ಎಂದು ನೋಡುತ್ತೀರಂತೆ. ಭಾನುವಾರ ಇಲ್ಲಿ ಇಳಿಯುವಾಗ ನಾನೂ ಹಾಗೆಯೇ ನೋಡುತ್ತೇನಂತೆ. ನಾನು ನೋಡುವುದಿಲ್ಲ ಎಂದೆ. ಅದಕ್ಕೆ ಅವಳು ಹೇಳಿದ್ದು ಇಷ್ಟು:

“ನಾನು ಎರಡೂ ಕಡೆ ಇದ್ದೇನಲ್ಲ, ಅದಕ್ಕೇ ನಿಮ್ಮದು ಮುಗಿಯುವುದಿಲ್ಲ. ನನ್ನನ್ನು ಎರಡೂ ಕಡೆಯಿಂದ ತೆಗೆದ್ರೆ ಸಮ ಆಗ್ತದೆ ಅಮ್ಮ. ಯಾರಿಗೂ ನಷ್ಟ ಇಲ್ಲ.”

ಹರಿ, ಅದೇ ಮಾತು. ಹಿಂದಿನ ದಿನ ಅಡುಗೆಮನೆಯ ಬಾಗಿಲಲ್ಲಿ ಹೇಳಿದ ಅದೇ ಮಾತು, ಅದೇ ಸಮಾಧಾನದ ದನಿ. ನನಗೆ ಮಾತ್ರ ಲೋಟ ಕೆಳಗಿಡಲಿಕ್ಕೆ ಜಾಗ ಕಾಣಲಿಲ್ಲ. ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಕಾಲೇಜಿನಲ್ಲಿ ಸಹಿ ಹಾಕುತ್ತೇನೆ ಎಂದು ಸುಳ್ಳು ಹೇಳಿ ಟೆರೇಸಿಗೆ ಹೋದೆ. ಅಲ್ಲಿಂದ ಆ ಕಿಟಕಿಗಳು ಕಂಡವು. ತುಂಬ ಅತ್ತೆ. ಇದನ್ನು ಬರೆಯಬಾರದೆಂದು ಇದ್ದೆ, ಬರೆದುಬಿಟ್ಟೆ.

ನಮ್ಮ ಜಗಳ ಏನಿತ್ತು ಹೇಳಿ. ನನಗೆ ಇಲ್ಲಿ ಕೆಲಸ ಸಿಕ್ಕಿತು, ಬೆಳಗ್ಗಿನ ಕ್ಲಾಸು ಬೇಗ ಎಂದು ಮನೆ ಹಿಡಿದೆವು. ವಾರವಿಡೀ ನಾನು, ಅನ್ವಿತಾ ಇಲ್ಲಿ, ಶನಿವಾರ ನೀವು ಬರುವುದು ಎಂದು ಮಾತಾಗಿತ್ತು. ಬರುತ್ತಲೂ ಇದ್ದಿರಿ. ಆಮೇಲೆ ಎರಡು ವರ್ಷದ ಹಿಂದಿನ ಆ ದೀಪಾವಳಿಯಲ್ಲಿ, ಹಬ್ಬ ಯಾವ ಮನೆಯಲ್ಲಿ ಎಂದು ಶುರುವಾದದ್ದು ಎಲ್ಲಿಗೋ ಹೋಗಿ, ಇನ್ನು ನಾನು ಬರುವುದಿಲ್ಲ ಎಂದು ನೀವು ಹೇಳಿದಿರಿ, ಬರಬೇಡಿ ಎಂದು ನಾನು ಹೇಳಿದೆ. ಅಷ್ಟೇ. ನೀವು ಬರುವ ಬದಲು ಅವಳು ಹೋಗತೊಡಗಿದಳು. ನಾವು ದೊಡ್ಡವರು ಇಬ್ಬರೂ ಮನೆಯಲ್ಲಿ ಕುಳಿತೆವು, ದಾರಿಯ ಸಿದ್ಧಕಟ್ಟೆಯ ಹೊಂಡಗಳನ್ನೆಲ್ಲ ಬಸ್ಸಿನಲ್ಲಿ ಆ ಮಗು ಹಾರಿತು. ಲಾಯಿಲದಿಂದ ನನ್ನ ಅಪ್ಪ ಫೋನ್ ಮಾಡಿದಾಗಲೆಲ್ಲ ಹರಿ ಬಂದಿದ್ದಾನಾ ಎಂದು ಕೇಳುತ್ತಾರೆ. ಈ ವಾರ ಕೆಲಸ ಜಾಸ್ತಿಯಂತೆ ಎನ್ನುತ್ತೇನೆ. ಬಂಟ್ವಾಳ ತಾಲೂಕಿನಲ್ಲಿ ನಿಮ್ಮಷ್ಟು ಕೆಲಸ ಇರುವ ಮನುಷ್ಯ ಇನ್ನೊಬ್ಬನಿಲ್ಲ ಎಂದು ಅವರು ತಿಳಿದಿದ್ದಾರೆ.

ಲಾಯಿಲ ಎಂದಾಗ ನೆನಪಾಯಿತು. ನಮ್ಮ ಮನೆಯ ಮಾಡಿನ ಮೇಲೆ ಬಿಸಿನೀರಿನ ಸೋಲಾರ್ ಕೂರಿಸಲು ನೀವು ಬಂದಿದ್ದಿರಿ, ನಾನು ಹಪ್ಪಳ ಕಾಯುತ್ತ ಕುಳಿತಿದ್ದೆ. ಸ್ಟ್ಯಾಂಡನ್ನು ಕಣ್ಣಳತೆಯಲ್ಲಿ ಓರೆ ಮಾಡುತ್ತಿದ್ದಿರಿ. ಎತ್ತರವನ್ನು ಬುಡದ ಉದ್ದದಿಂದ ಭಾಗಿಸಿ ಟ್ಯಾನ್ ಇನ್ವರ್ಸ್ ತೆಗೆದರೆ ಕೋನ ಸಿಗುತ್ತದೆ ಎಂದು ನೀವು ಕೇಳದೆಯೇ ನಾನು ಹೇಳಿದೆ. ಅದೆಲ್ಲ ಬಿಡಿ ಟೀಚರ್, ಡಿಗ್ರಿ ಎಷ್ಟು ಹೇಳಿ, ಕೂರಿಸ್ತೇನೆ ಎಂದಿರಿ. ಹೇಳಿದೆ. ಆಯ್ತು ಎಂದಿರಿ. ಆಮೇಲೆ ಅಪ್ಪ ಮದುವೆಯ ಮಾತು ಎತ್ತಿದಾಗಲೂ ಆಯ್ತು ಎಂದಿರಿ. ನನಗೆ ಆಗ ಆ ಒಂದು ಮಾತು ಎಷ್ಟು ಇಷ್ಟವಾಗಿತ್ತೆಂದು ಈಗ ಹೇಳಿದರೆ ನಿಮಗೆ ಕೋಡು ಬರುತ್ತದೆ.

ಆದರೆ ಸೈನ್ ಇನ್ವರ್ಸ್ ಒತ್ತಿದಾಗ ಕ್ಯಾಲ್ಕುಲೇಟರ್ ಮೂವತ್ತು ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ, ನೂರೈವತ್ತು ಎನ್ನುವುದನ್ನು ನಾವೇ ಹುಡುಕಬೇಕು. ನೀವೂ ಆ ಯಂತ್ರದ ಜಾತಿಯೇ. ಅನ್ವಿತಾ ಸಹಿ ಕೇಳಿದಾಗ ಆಯ್ತು ಎಂದು ಹಾಕಿಕೊಟ್ಟಿರಂತೆ. ಆಮೇಲೆ ಬಟ್ಟೆಯ ತುಂಡು ಹಿಡಿದು ಟೆರೇಸಿಗೆ ಹೋಗಿ ಸೋಲಾರ್ ಪ್ಯಾನೆಲ್ ಒರೆಸಿದಿರಂತೆ. ಜೂನ್ ತಿಂಗಳ ಮಳೆಯಲ್ಲಿ ಪ್ಯಾನೆಲ್ ಒರೆಸುವ ಮನುಷ್ಯ ಈ ಜಿಲ್ಲೆಯಲ್ಲಿ ನೀವೊಬ್ಬರೇ. ಅದನ್ನು ಕೇಳಿದ ಮೇಲೆ ನನ್ನ ಸಿಟ್ಟು ಪೂರ್ತಿ ಇಳಿಯಿತು. ಆ ಸಹಿಯ ಇನ್ನೊಂದು ಉತ್ತರ ನನಗೆ ಗೊತ್ತಾಯಿತು.

ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ಎರಡೂ ಕಡೆ ಒಂದೇ ಇದ್ದರೆ ಅದನ್ನು ಹೊಡೆಯಬಾರದು. ಮೊದಲು ಎಲ್ಲವನ್ನೂ ಒಂದೇ ಕಡೆಗೆ ತರಬೇಕು. ಆಮೇಲೆ ಎರಡಕ್ಕೂ ಸಾಮಾನ್ಯವಾದದ್ದನ್ನು ಹೊರಗೆ ತೆಗೆದು ಆವರಣದ ಮುಂದೆ ನಿಲ್ಲಿಸಬೇಕು. ಆಗ ಯಾವ ಉತ್ತರವೂ ಕಳೆದುಹೋಗುವುದಿಲ್ಲ. ಇದನ್ನು ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆದು ಬಣ್ಣದ ಸೀಮೆಸುಣ್ಣದಲ್ಲಿ ಚೌಕ ಹಾಕುತ್ತೇನೆ. ನಮ್ಮ ಮನೆಗೆ ಅದನ್ನು ಹೇಗೆ ಬರೆಯುವುದೆಂದು ನನಗೆ ಚೆನ್ನಾಗಿ ಗೊತ್ತಿಲ್ಲ. ಗೊತ್ತಿರುವುದು ಮೊದಲ ಸಾಲು ಮಾತ್ರ. ಭಾನುವಾರ ಬೆಳಗ್ಗೆ ಅವಳನ್ನು ಒಬ್ಬಳನ್ನೇ ಬಸ್ಸಿಗೆ ಹತ್ತಿಸಬೇಡಿ. ನೀವೂ ಹತ್ತಿ ಬನ್ನಿ.

ಬಂದು ಏನು ಮಾಡುವುದೆಂದರೆ, ನಾವಿಬ್ಬರೂ ಊಟದ ಮೇಜಿನ ಒಂದೇ ಬದಿಯಲ್ಲಿ ಕೂರುವ. ಎದುರಿಗೆ ಅವಳನ್ನು ಕೂರಿಸಿ, ನಿನಗೆ ಏನು ಬೇಕು ಎಂದು ಕೇಳುವ. ನಮಗೆ ಏನು ಅನುಕೂಲ ಎಂದಲ್ಲ, ಅವಳಿಗೆ ಏನು ಬೇಕೆಂದು. ನಿಜವಾಗಿ ಹಾಸ್ಟೆಲೇ ಬೇಕೆಂದರೆ ನಾನು ಅಲ್ಲಿಯೇ, ನಿಮ್ಮ ಎದುರಿಗೇ ಸಹಿ ಹಾಕುತ್ತೇನೆ. ಹಾಗೆ ಹೇಳಿಬಿಟ್ಟರೆ ಎಂದು ಹೆದರಿಕೆಯೂ ಇದೆ. ಮಕ್ಕಳಿಗೆ ಉತ್ತರ ಬಂದ ಮೇಲೆ ಮೊದಲಿನ ಸಮೀಕರಣಕ್ಕೇ ಹಾಕಿ ನೋಡಿ ಎನ್ನುತ್ತೇನೆ. ಅವಳು ಇಲ್ಲದ ಮನೆಯನ್ನು ಹಾಗೆ ಹಾಕಿ ನೋಡಿದೆ ಹರಿ. ನನಗೆ ಅದು ಯಾವ ಕಡೆಯಿಂದಲೂ ಸರಿ ಹೊಂದಲಿಲ್ಲ. ನಿಮಗೆ ಹೊಂದಿತೋ?

ನಿಮ್ಮನ್ನು ಇಲ್ಲಿಯೇ ಉಳಿಯಿರಿ ಎಂದು ನಾನು ಕೇಳುತ್ತಿಲ್ಲ. ಅದು ಬೇರೆ ಲೆಕ್ಕ, ಅದನ್ನು ಆಮೇಲೆ ನೋಡುವ. ಅವಳು ಬಸ್ಸಿನಿಂದ ಇಳಿಯುವಾಗ ಹಿಂದೆ ಒಮ್ಮೆಯಾದರೂ ಯಾರಾದರೂ ಇಳಿಯಲಿ ಎಂದಷ್ಟೇ ಕೇಳುತ್ತಿದ್ದೇನೆ. ಅವಳಿಗೋಸ್ಕರ.

ಬರುವುದಾದರೆ ‘ಹೊರಟಳು’ ಎಂಬಲ್ಲಿ ‘ಹೊರಟೆವು’ ಎಂದು ಹಾಕಿ. ನನಗೆ ಅರ್ಥವಾಗುತ್ತದೆ.

ನಿಮ್ಮ
ಶ್ರೀಪ್ರಿಯಾ

ವಿ. ಸೂ.: ಭಾನುವಾರ ಬೆಳಗ್ಗಿನ ಬಸ್ಸಿಗೆ ಬಾವಾ ಎಂಬವರು ಕಂಡಕ್ಟರ್, ಅನ್ವಿತಾ ಬಾವಾಕ ಎಂದು ಕರೆಯುತ್ತಾಳೆ, ತುಂಬ ಒಳ್ಳೆಯವರು. ಅವರ ಬಸ್ಸು ಸಂಜೆ ತಿರುಗಿ ಬಂಟ್ವಾಳಕ್ಕೆ ಹೋಗುವುದಿಲ್ಲ. ಬೇರೆ ಬಸ್ಸು ಇದೆಯೋ ಎಂದು ನಾನು ವಿಚಾರಿಸಿಲ್ಲ. ಬರುವಾಗ ನಿಮ್ಮ ಸ್ಪಾನರಿನ ಚೀಲ ಹಿಡಿದುಕೊಳ್ಳಿ, ಇಲ್ಲಿಯ ಸೋಲಾರಿನಲ್ಲಿ ನೀರು ಬಿಸಿಯಾಗದೆ ಒಂದು ವರ್ಷವಾಯಿತು. ಬೇರೆ ಯಾರನ್ನೂ ಕರೆದಿಲ್ಲ.

ಇನ್ನೊಂದು ವಿ. ಸೂ.: ಅಪ್ಪ, ಇದು ಅನ್ವಿತಾ. ಬಸ್ಸು ಸಿದ್ಧಕಟ್ಟೆಯಲ್ಲಿ ನಿಂತಿದೆ, ಹೊರಡುವುದರೊಳಗೆ ಬರೆಯುತ್ತೇನೆ. ಅಮ್ಮ ಯಾವಾಗಲೂ ಡಬ್ಬಿ ತುಂಬ ಕಳುಹಿಸ್ತಾರೆ. ಪ್ರತಿ ಶನಿವಾರ ಅರ್ಧ ತಿನ್ನುವುದು ನಾನು. ಅಜ್ಜಿಗೆ ನಾನೇ ಹೇಳ್ತೇನೆ. ಇವತ್ತು ತಿಂದು ಅರ್ಧ ಆಗುವಾಗ ಕಾಗದ ಸಿಕ್ಕಿತು. ಓದಬಾರದಿತ್ತು, ಓದಿದೆ.

ಅಮ್ಮನ ಲೆಕ್ಕದಲ್ಲಿಯೂ ಒಂದು ಉತ್ತರ ಬಿಟ್ಟುಹೋಗಿದೆ. ಕಾಸ್ ಸೊನ್ನೆ ಆಗುವುದು ತೊಂಬತ್ತಕ್ಕೆ ಮಾತ್ರ ಅಲ್ಲ, ಇನ್ನೂರ ಎಪ್ಪತ್ತಕ್ಕೂ ಆಗ್ತದೆ. ಒಟ್ಟು ನಾಲ್ಕು ಉಂಟು. ಅವರೂ ಇನ್ವರ್ಸ್ ಒತ್ತಿ ಒಂದೇ ತಗೊಂಡಿದ್ದಾರೆ. ಅರ್ಧ ಅಂಕ ಕಟ್.

ನನ್ನದರಲ್ಲಿಯೂ ತಪ್ಪು ಉಂಟು. ಯಾರಿಗೂ ನಷ್ಟ ಇಲ್ಲ ಅಂತ ಹೇಳುವಾಗ ನನ್ನನ್ನು ಸೇರಿಸಿಕೊಂಡಿರಲಿಲ್ಲ. ನನಗೆ ಹಾಸ್ಟೆಲಿಗೆ ಹೋಗಲಿಕ್ಕೆ ಇಷ್ಟ ಇಲ್ಲ ಅಪ್ಪ.

ನಾಳೆಗೆ ಎರಡು ಸೀಟು ಇಡಲಿಕ್ಕೆ ಬಾವಾಕರಿಗೆ ಈಗ ಫೋನ್ ಮಾಡಿ ಹೇಳಿದ್ದೇನೆ. ಈ ಸಲ ನೀವು ‘ಆಯ್ತು’ ಅಂದ್ರೆ ಸಾಕು.